ಹೇರಿನ ಗಾಡಿ, ಸವಾರಿ ಗಾಡಿ

ನನ್ನ ತಮ್ಮ ಊರಿನಿಂದ ಬಂದಾಗಲೆಲ್ಲ ಟಿಳಕವಾಡಿಯ ನಮ್ಮ ಗಲ್ಲಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಏನ್ರೀ, ಮನಿ ಬದಲಿ ಮಾಡಾಕತ್ತೀರೇನು?” ಅವನು ಬರುವುದು ಪಿಕಪ್‌ನಲ್ಲಿ. ಬಿಳಿ ಬೊಲೆರೊ, ಒಂಬತ್ತು ಅಡಿ ಉದ್ದದ ಬಾಡಿ, ಕೆಎ 22ರ ಹಳದಿ ನಂಬರ್ ಪ್ಲೇಟು, ಗಾಜಿನ ನೆತ್ತಿಯ ಮೇಲೆ ಮನೆದೇವರ ಹೆಸರು. ಅಂಥ ಗಾಡಿ ಮನೆಯ ಮುಂದೆ ನಿಂತರೆ ಯಾರೋ ಸಾಮಾನು ಸಾಗಿಸುತ್ತಿರಬೇಕು, ಇಲ್ಲವೇ ಯಾರದೋ ಕಟ್ಟಡಕ್ಕೆ ಇಟ್ಟಂಗಿ ಬಂದಿರಬೇಕು. ಒಬ್ಬ ತಮ್ಮ ಹೆಂಡತಿ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹೊಸ ಅಕ್ಕಿಯ ಚೀಲವೊಂದನ್ನು ಹಿಂದೆ ಹಾಕಿಕೊಂಡು ಅಣ್ಣನ ಮನೆಗೆ ಊಟಕ್ಕೆ ಬಂದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಕೇಳುವವರದು ತಪ್ಪೆಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಬಹಳ ದಿನಗಳಿಂದ ನನ್ನ ಬೆನ್ನು ಹತ್ತಿದೆ. ದುಡಿಯುವ ಗಾಡಿಯಲ್ಲಿ ಮನುಷ್ಯ ಬರಿದೇ ಬಂದುಹೋಗಬಾರದೇ? ಬಂದುಹೋದರೆ ಗಾಡಿಗೇನು, ಮನುಷ್ಯನಿಗೇನು?

ನಮ್ಮ ಹಳ್ಳಿ ಖಾನಾಪುರ ತಾಲ್ಲೂಕಿನದು. ನಂದಗಡ ದಾಟಿ ಬೀಡಿಯ ಕಡೆಗೆ ಹೋಗುವ ದಾರಿಯಿಂದ ತುಸು ಒಳಗೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದೇ ನಂದಗಡ; ಇಂದಿಗೂ ಎಷ್ಟೋ ಗಾಡಿಯವರು ಅಲ್ಲಿ ಒಂದು ಕ್ಷಣ ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೊಮೀಟರು. ಬೆಳಗಿನ ಆರರಿಂದ ಎಂಟರವರೆಗೆ ಮಚ್ಛೆಯಲ್ಲೋ ಪೀರನವಾಡಿಯಲ್ಲೋ ರಸ್ತೆ ಬದಿಗೆ ನಿಂತರೆ ಇಡೀ ತಾಲ್ಲೂಕಿನ ದುಡಿಮೆ ಸಣ್ಣ ಗಾಡಿಗಳ ಬೆನ್ನೇರಿ ಪೇಟೆಗೆ ಬರುವುದು ಕಾಣುತ್ತದೆ. ಹಾಲಿನ ಕ್ಯಾನು, ಬಾಳೆಗೊನೆ, ಬಿದಿರು, ಹುಲ್ಲಿನಲ್ಲಿ ಸುತ್ತಿಟ್ಟ ಮಣ್ಣಿನ ಗಡಿಗೆ. ಸಂಜೆ ಅವೇ ಗಾಡಿಗಳು ಸಿಮೆಂಟು, ಪತ್ರಾಸು, ದನದ ಹಿಂಡಿ, ಉದ್ಯಮಬಾಗದಲ್ಲಿ ರಿಪೇರಿಯಾದ ಪಂಪು ಹೇರಿಕೊಂಡು ಊರ ಕಡೆ ಮುಖ ಮಾಡುತ್ತವೆ.

ತಮ್ಮನ ಗಾಡಿಯ ವರ್ಷವನ್ನು ನಾನು ಹೇರಿನಿಂದಲೇ ಲೆಕ್ಕ ಹಾಕುತ್ತೇನೆ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದರೆ ಹಂಚು ಮತ್ತು ಇಟ್ಟಂಗಿ. ಖಾನಾಪುರದ ಕೆಂಪು ಜೇಡಿ ಹಂಚಿಗೂ ಗಡಿಗೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ದೇಶಕ್ಕೆಲ್ಲ ಸೇರಿದ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ಈ ಊರಿನಲ್ಲಿಯೇ ಇಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಮನೆಮನೆಯ ಹಂಚು ಕೈಯಾಡಿಸುವಾಗ ಒಡೆದವುಗಳ ಬದಲಿಗೆ ನೂರು ಇನ್ನೂರು ಹಂಚು ಎಲ್ಲರಿಗೂ ಬೇಕು, ಆಗ ಅವನಿಗೆ ಹೊತ್ತಿಗೆ ಸರಿಯಾಗಿ ಊಟವಿರುವುದಿಲ್ಲ. ಜೂನ್ ಬಂತೆಂದರೆ ಬೀಜ, ಗೊಬ್ಬರ. ಭಾದ್ರಪದದಲ್ಲಿ ಗಣಪತಿ. ಹಿಂದಿನ ದಿನ ಬಾಡಿಯನ್ನು ಮೂರು ನೀರಿನಲ್ಲಿ ತೊಳೆದು, ಹುಲ್ಲು ಹಾಸಿ, ಅದರ ಮೇಲೆ ಅವ್ವನ ಹಳೆಯ ಕೌದಿ ಹಾಸಿ, ಇಡೀ ಓಣಿಯ ಗಣಪತಿಗಳನ್ನು ಒಂದೇ ಖೇಪಿನಲ್ಲಿ ತರುತ್ತಾನೆ. ಆ ದಿನ ಅವನು ಎರಡನೆಯ ಗೇರಿಗಿಂತ ಮೇಲೆ ಹೋಗುವುದು ಅಪರೂಪ. ಖಂಡೇನವಮಿಗೆ ಗಾಡಿಗೇ ಪೂಜೆ. ಆಮೇಲೆ ಭತ್ತದ ಸುಗ್ಗಿ, ಕಬ್ಬಿನ ಹಂಗಾಮು.

ಹೇರಿನ ವಿಷಯದಲ್ಲಿ ಕಣ್ಣು ಎಷ್ಟು ಮೋಸ ಹೋಗುತ್ತದೆ ಎಂಬುದನ್ನು ನಾನು ಅವನಿಂದಲೇ ಕಲಿತೆ. ಅವನ ಗಾಡಿಗೆ ಕಂಪನಿಯವರು ಕೊಟ್ಟ ತಾಕತ್ತು 1.7 ಟನ್. ಮೇವಿನ ಹುಲ್ಲು ಹೇರಿದಾಗ ಗಾಡಿ ಮುಳುಗಿಯೇ ಹೋದಂತೆ ಕಾಣುತ್ತದೆ, ದಾರಿಹೋಕರು “ಎಷ್ಟ ಹೇರ್ಯಾನ ನೋಡೋ” ಎಂದು ಬೆರಳು ಮಾಡುತ್ತಾರೆ. ತೂಕ ನೋಡಿದರೆ ಅರ್ಧ ಟನ್ನೂ ಇರುವುದಿಲ್ಲ. ಉಸುಕು ಹೇರಿದಾಗ ಬಾಡಿ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ. ಒಂದು ಘನ ಮೀಟರ್ ಒಣ ಉಸುಕು ಸುಮಾರು 1,600 ಕಿಲೊ ತೂಗುತ್ತದೆ. ಹಸಿ ಉಸುಕಾದರೆ ಇನ್ನೂ ಹೆಚ್ಚು. ಅಂದರೆ ಮೊಳಕಾಲಿನ ಎತ್ತರಕ್ಕೂ ಬರದ ಉಸುಕಿಗೆ ಗಾಡಿಯ ಶಕ್ತಿ ಮುಗಿದಿರುತ್ತದೆ. “ಇನ್ನೂ ಜಾಗಾ ಐತಲ್ಲೋ, ಇನ್ನೆರಡು ಬುಟ್ಟಿ ಹಾಕು” ಎನ್ನುವ ಗಿರಾಕಿಯ ಜೊತೆ ಅವನು ದಿನವೂ ವಾದಿಸಬೇಕು. 50 ಕಿಲೊದ ಸಿಮೆಂಟು ಚೀಲವಾದರೆ 34, ಮೂರು ಕಿಲೊದ ಇಟ್ಟಂಗಿಯಾದರೆ ಐನೂರ ಅರವತ್ತರ ಆಸುಪಾಸು. ಈ ಲೆಕ್ಕ ಅವನಿಗೆ ಬಾಯಿಪಾಠ. ನಾನು ಕಾಲೇಜು ಮೆಟ್ಟಿಲು ಹತ್ತಿದವನು, ಅವನು ಹತ್ತನೆಯ ಇಯತ್ತೆಗೆ ನಿಲ್ಲಿಸಿದವನು. ಸಾಂದ್ರತೆ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿದೆ, ಅವನು ಅದನ್ನು ಬೆನ್ನಿನಲ್ಲಿ ಹೊತ್ತು ತಿಳಿದುಕೊಂಡ.

ಎರಡು ವರ್ಷ ಅವನು ಗೋವಾಕ್ಕೆ ತರಕಾರಿ ಹೊಡೆದ. ಗೋವಾದ ಅಡುಗೆಮನೆ ನಮ್ಮ ಬೆಳಗಾವಿಯ ತರಕಾರಿಯನ್ನು ನೆಚ್ಚಿಕೊಂಡದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಸರ್ಕಾರದ ತೋಟಗಾರಿಕೆ ನಿಗಮವೂ ಕೊಳ್ಳುವುದು ಇಲ್ಲಿಂದಲೇ. ರಾತ್ರಿ ಕೋಬಿ, ಟೊಮೆಟೊ, ಹಸಿಮೆಣಸಿನಕಾಯಿ ಹೇರಿ, ತಾಡಪತ್ರಿ ಬಿಗಿದು, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟು ಇಳಿದರೆ ಬೆಳಕು ಹರಿಯುವ ಮುಂಚೆ ಸಾಂಖಳಿ. ಕಣಕುಂಬಿ ನಮ್ಮ ಮಲಪ್ರಭೆ ಹುಟ್ಟುವ ಜಾಗ. ಅವಳ ಹುಟ್ಟೂರಿನಲ್ಲಿ ಮಳೆಗಾಲದ ಮಂಜು ಎಂಥದೆಂದರೆ ಗಾಡಿಯ ಮುಂದಿನ ದೀಪದ ಬೆಳಕು ಗೋಡೆಗೆ ಬಡಿದಂತೆ ಅಲ್ಲಿಯೇ ನಿಂತುಬಿಡುತ್ತದೆ. ನನಗೆ ತುಂಬಿದ ಗಾಡಿ ಇಳಿಯುವುದರ ಬಗೆಗೇ ಭಯವಿತ್ತು. ಅವನು ಬೇರೆ ಮಾತು ಹೇಳಿದ. “ಅಣ್ಣಾ, ಹೇರಿದ ಗಾಡಿ ಇಳೀವಾಗ ಬ್ರೇಕಿನ ಕಾಳಜಿ ಇರತೈತಿ, ಖರೆ. ಆದ್ರ ಹೊಳ್ಳಿ ಬರೂವಾಗ ಖಾಲಿ ಗಾಡೀದು ಅದಕ್ಕಿಂತ ಹೆಚ್ಚಿನ ಕಾಳಜಿ. ಹಿಂದಿನ ಗಾಲಿ ನೆಲಾ ಹಿಡ್ಯೂದಿಲ್ಲ. ತಿರುವಿನ್ಯಾಗ ಕುಣೀತೈತಿ.” ಆಗ ಅದು ನನ್ನ ಕಿವಿಯ ಮೇಲೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಇಳಿದದ್ದು ನಾನೇ ಆ ಗಾಡಿಯನ್ನು ಹನ್ನೊಂದು ದಿನ ಓಡಿಸಿದ ಮೇಲೆ.

ಆ ವರ್ಷ ಯುಗಾದಿಯ ಮುಂದೆ ಅವನು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟ. ನಮ್ಮ ಕಡೆಯಿಂದ ಕಂಬಿ ಹೊತ್ತು ಹೋಗುವವರ ದೊಡ್ಡ ಗುಂಪೇ ಇರುತ್ತದೆ. ಗಾಡಿಯ ಕೀಲಿಕೈ ನನ್ನ ಕೈಗಿಟ್ಟು, “ನಿನ್ನ ಕಾರು ಹ್ಯಾಂಗೂ ಗ್ಯಾರೇಜಿನ್ಯಾಗ ಐತಿ, ಇದನ್ನ ಓಡಸು, ನಿಂತಲ್ಲೇ ನಿಂದರಬಾರದು” ಎಂದ. ಹೀಗೆ ಹನ್ನೊಂದು ದಿನ ಆ ಪಿಕಪ್ಪು ನನ್ನ ದಿನದ ಗಾಡಿಯಾಯಿತು. ಕಚೇರಿಗೆ ಅದೇ, ಪೇಟೆಗೆ ಅದೇ, ಸಂಜೆ ಮಗಳನ್ನು ಸಂಗೀತದ ಪಾಠಕ್ಕೆ ಬಿಡಲಿಕ್ಕೂ ಅದೇ.

ಮೊದಲು ತಿಳಿದದ್ದು ರಸ್ತೆಯ ಉಬ್ಬು. ದಿನವೂ ಹೋಗುವ ಹಾದಿಯಲ್ಲಿ ಇಷ್ಟೊಂದು ಉಬ್ಬುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ರೈಲ್ವೆ ಗೇಟಿನ ಹಳಿ ದಾಟುವಾಗ ಹಿಂದಿನ ಭಾಗ ಎದ್ದು ಬಿದ್ದ ಸದ್ದಿಗೆ ಮಗಳು ನನ್ನ ತೋಳು ಹಿಡಿದುಕೊಂಡಳು. ಎರಡನೆಯದು ಸಾಮಾನು. ಗಣಪತಿ ಗಲ್ಲಿಯಲ್ಲಿ ಸಂತೆ ಮಾಡಿ ಕೈಚೀಲವನ್ನು ಎಲ್ಲಿಡುವುದು? ಮುಂದೆ ಹೆಂಡತಿ, ಮಗಳು. ಹಿಂದೆ ಒಂಬತ್ತು ಅಡಿ ಬಯಲು. ಇಟ್ಟ ಚೀಲ ಪ್ರತಿ ಬ್ರೇಕಿಗೆ ಮುಂದಕ್ಕೆ, ಪ್ರತಿ ಏರಿಗೆ ಹಿಂದಕ್ಕೆ ಜಾರುತ್ತ ಮನೆ ಮುಟ್ಟುವಷ್ಟರಲ್ಲಿ ಟೊಮೆಟೊ ಸಾರಾಗಿತ್ತು. ಮರುದಿನದಿಂದ ಮೂಲೆಯಲ್ಲಿ ಚೀಲವನ್ನು ಹಗ್ಗದಿಂದ ಬಿಗಿದೆ. ಮೂರನೆಯದು ನಿಲ್ಲಿಸುವ ಜಾಗ. ನರಗುಂದಕರ ಭಾವೆ ಚೌಕದ ಸುತ್ತ ಎರಡು ಸಲ ತಿರುಗಿ ಜಾಗ ಸಿಗದೆ ಬಹಳ ದೂರ ನಿಲ್ಲಿಸಿ ನಡೆದುಬಂದೆ. ಕಾರಿಗೆ ಸಿಗುವ ಸಂದಿಯಲ್ಲಿ ಅದು ಹಿಡಿಸುವುದಿಲ್ಲ. ಹಿಡಿಸಿದರೂ ಹಿಂದಕ್ಕೆ ತರುವಾಗ ಬಾಡಿಯ ಹಿಂದೆ ಯಾವ ಮಗು ನಿಂತಿದೆಯೋ ಕಾಣುವುದಿಲ್ಲ. ನಾನು ಪ್ರತಿ ಸಲ ಇಳಿದು ಹೋಗಿ ನೋಡಿಬಂದೆ. ತಮ್ಮನೂ ಹಾಗೆಯೇ ಮಾಡುತ್ತಾನೆ ಎಂದು ಆಮೇಲೆ ತಿಳಿಯಿತು.

ಒಂಬತ್ತನೆಯ ದಿನ ಸಂಜೆ ಅಡ್ಡಮಳೆ ಬಂತು. ಖಾನಾಪುರ ರಸ್ತೆಯಲ್ಲಿ ಧೂಳು ಹಸಿಯಾಗಿ ಸಾಬೂನಿನ ಹಾಗೆ ಆಗಿತ್ತು. ಮುಂದಿನ ರಿಕ್ಷಾ ಫಕ್ಕನೆ ನಿಂತಿತು, ನಾನು ಬ್ರೇಕು ಒತ್ತಿದೆ. ಗಾಡಿಯ ಹಿಂಭಾಗ ತನ್ನಷ್ಟಕ್ಕೆ ತಾನೇ ಎಡಕ್ಕೆ ಹೋಯಿತು. ಎರಡು ಮಾರು ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಚೋರ್ಲಾ ಘಾಟಿನ ಆ ಮಾತು ಆಗ ನನ್ನ ಹೊಟ್ಟೆಯೊಳಗೆ ಇಳಿಯಿತು.

ಮಾರನೆಯ ದಿನವೇ ಉದ್ಯಮಬಾಗದಲ್ಲಿ ತಮ್ಮನಿಗೆ ಗೊತ್ತಿದ್ದ ಮಿಸ್ತ್ರಿಯ ಹತ್ತಿರ ಹೋದೆ. ಆತ ನನ್ನನ್ನು ಗಾಡಿಯ ಕೆಳಗೆ ಕರೆದು ತೋರಿಸಿದ ಪಾಠಕ್ಕೆ ನಾನು ಇಂದಿಗೂ ಋಣಿ. ಹಿಂದಿನ ಆಕ್ಸಲಿನ ಮೇಲೆ ಒಂದರ ಮೇಲೊಂದು ಕೂತ ಕಬ್ಬಿಣದ ಪಾಟಾಗಳು. ಅವನ್ನು ಟನ್ನುಗಟ್ಟಲೆ ಹೇರಿಗೆ ಬಾಗಲೆಂದು ಮಾಡಿರುತ್ತಾರೆ. ಹೇರಿಲ್ಲದಾಗ ಅವು ಬಾಗುವುದೇ ಇಲ್ಲ. ರಸ್ತೆಯ ಏಟೆಲ್ಲ ನೇರ ಮೇಲಕ್ಕೆ ಬರುತ್ತದೆ. ಇಂಜಿನ್ನು, ಡ್ರೈವರು ಎಲ್ಲ ಮುಂದೆ. ಹಿಂದೆ ಬರಿ ತಗಡು. ಆದರೆ ಗಾಡಿಯನ್ನು ನೂಕುವ ಗಾಲಿಗಳು ಹಿಂದಿನವೇ. ಅವುಗಳ ಮೇಲೆ ಭಾರವಿಲ್ಲದಿದ್ದರೆ ನೆಲವನ್ನು ಹಿಡಿಯುವುದು ಹೇಗೆ? ಆಕ್ಸಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇತ್ತು. ಹೇರಿದಾಗ ಚಾಸಿ ಎಷ್ಟು ತಗ್ಗುತ್ತದೆಯೋ ಅಷ್ಟನ್ನು ಆ ಕಡ್ಡಿ ಒಂದು ವಾಲ್ವಿಗೆ ತಿಳಿಸುತ್ತದೆ, ವಾಲ್ವು ಹಿಂದಿನ ಬ್ರೇಕಿಗೆ ಅಷ್ಟೇ ಒತ್ತಡ ಬಿಡುತ್ತದೆ. ಖಾಲಿ ಇದ್ದರೆ ಕಡಿಮೆ, ತುಂಬಿದ್ದರೆ ಹೆಚ್ಚು. “ನೋಡ್ರಿ ಸರ, ಜನಾ ಏನ್ ಮಾಡ್ತಾರಂದ್ರ, ಹೆಚ್ಚಿಗಿ ಹೇರಾಕ ಎರಡು ಪಾಟಾ ಜಾಸ್ತಿ ಕೂಡಿಸ್ತಾರು. ಆಮ್ಯಾಲೆ ಗಾಡಿ ತಗ್ಗೂದಿಲ್ಲ. ಗಾಡಿ ತಗ್ಗಲಿಲ್ಲಂದ್ರ ಈ ಕಡ್ಡಿಗೆ ಹೇರು ಐತಿ ಅಂತ ತಿಳ್ಯೂದ ಇಲ್ಲ. ಹೇರು ಎರಡು ಟನ್ ಇರತೈತಿ, ಬ್ರೇಕು ಖಾಲಿ ಗಾಡೀದು ಇರತೈತಿ.” ತಮ್ಮನ ಗಾಡಿಗೂ ಹಾಗೆ ಜಾಸ್ತಿ ಪಾಟಾ ಹಾಕಿಸಲು ಯಾರೋ ಹೇಳಿದ್ದರಂತೆ, ಅವನು ಒಪ್ಪಲಿಲ್ಲವಂತೆ. ನನಗೆ ಅವನ ಬಗ್ಗೆ ಆ ದಿನ ಹೆಮ್ಮೆಯೆನಿಸಿತು.

ಆ ಹನ್ನೊಂದು ದಿನಗಳಲ್ಲಿ ಇನ್ನೊಂದು ಆಯಿತು, ಅದನ್ನೂ ಹೇಳಿಬಿಡಬೇಕು. ಮೂರನೆಯ ದಿನ ಎದುರು ಮನೆಯ ಹಿರಿಯರು ಬಂದು ಸಂಕೋಚದಿಂದ, ಶಹಾಪುರದಲ್ಲಿರುವ ಮಗಳ ಮನೆಗೆ ಒಂದು ಕಪಾಟು ಒಯ್ಯಬೇಕಿತ್ತು ಎಂದರು. ಒಯ್ದೆವು. ಕೆಳಗಿನ ಓಣಿಯ ಹುಡುಗರು ಕುಸ್ತಿಯ ಮಡ್ಡಿಗೆ ಕೆಂಪು ಮಣ್ಣು ತರಬೇಕೆಂದರು. ತಂದೆವು. ಹೆಂಡತಿಯ ಶಾಲೆಯವರು ಐವತ್ತು ಸಸಿ ಇವೆ ಎಂದರು. ಹದಿನಾಲ್ಕು ವರ್ಷ ಕಾರು ಇಟ್ಟುಕೊಂಡಿದ್ದರೂ ಆ ಗಲ್ಲಿಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕಾರಿನಲ್ಲಿ ಹೋಗುವವನಿಗೆ ಜನ ಕೈ ಬೀಸುತ್ತಾರೆ, ಪಿಕಪ್ಪಿನವನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ತೂಕ ಹಿಂದೆ ಬಿದ್ದಾಗ ಗಾಡಿ ಕುಣಿಯುವುದನ್ನು ನಿಲ್ಲಿಸಿ ಗಂಭೀರವಾಗಿ ನಡೆಯುತ್ತಿತ್ತು. ಕಪಾಟು ಹೇರಿದ ದಿನ ಮಗಳು “ಅಪ್ಪಾ, ಇವತ್ತು ಗಾಡಿ ಶಾಣ್ಯಾ ಆಗೇತಿ” ಎಂದಳು.

ಈಗಿನವರಿಗೆ ಮರೆತುಹೋದರೂ ನಮ್ಮ ಹಿರಿಯರಲ್ಲಿ ಈ ಭೇದ ಬಹಳ ಸ್ಪಷ್ಟವಿತ್ತು. ಹೊಲದ ಕೆಲಸಕ್ಕೆ ಚಕ್ಕಡಿ, ಬೀಗರ ಊರಿಗೆ ಹೋಗಲು ಸವಾರಿ ಬಂಡಿ. ಸವಾರಿ ಬಂಡಿ ಹಗುರ, ಮೇಲೆ ಕಮಾನಿನ ಹೊದಿಕೆ, ಎಳೆಯುವ ಎತ್ತುಗಳೂ ಬೇರೆ, ಓಟಕ್ಕೆ ಪಳಗಿದವು. ಆದರೆ ಎರಡು ಬಂಡಿ, ಎರಡು ಜೋಡಿ ಎತ್ತು ಇದ್ದದ್ದು ಗೌಡರ ಮನೆಯಲ್ಲಿ, ದೇಸಾಯರ ವಾಡೆಯಲ್ಲಿ. ನಮ್ಮಂಥವರಲ್ಲಿ ಇದ್ದದ್ದು ಒಂದೇ ಚಕ್ಕಡಿ. ವಾರವೆಲ್ಲ ಗೊಬ್ಬರ ಹೊತ್ತ ಆ ಚಕ್ಕಡಿಯನ್ನು ಭಾರತ ಹುಣ್ಣಿಮೆಗೆ ಅಜ್ಜ ಹೊಳೆಗೆ ಒಯ್ದು ತೊಳೆದು ಒಣಗಿಸುತ್ತಿದ್ದ. ಬಿದಿರಿನ ಕಮಾನು ಕಟ್ಟಿ, ಮೇಲೆ ಜಮಖಾನೆ ಹೊದಿಸಿ, ಒಳಗೆ ಮೊಣಕಾಲೆತ್ತರ ಹುಲ್ಲು ತುಂಬಿ, ಹುಲ್ಲಿನ ಮೇಲೆ ಎರಡು ಕೌದಿ ಹಾಸಿದರೆ ಅದೇ ಸವಾರಿ ಬಂಡಿ. ಸವದತ್ತಿ ಎಲ್ಲಮ್ಮನ ಗುಡ್ಡದ ತನಕ ಎರಡು ರಾತ್ರಿಯ ಪ್ರಯಾಣ. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನಾವು ಐದು ಹುಡುಗರು, ಅಜ್ಜಿ. ಆ ಹುಲ್ಲಿನ ಮೆತ್ತನೆಯನ್ನು ನನ್ನ ಬೆನ್ನು ಇನ್ನೂ ಮರೆತಿಲ್ಲ.

ಬೇರೆ ನೆಲದಲ್ಲೂ ಇದೇ ಕಥೆಯೇ. ಅಮೆರಿಕೆಯಲ್ಲಿ ರೈತರು ತಮ್ಮ ಕಾರಿನ ಹಿಂಭಾಗ ಕೊಯ್ದು ಮರದ ಪೆಟ್ಟಿಗೆ ಕೂಡಿಸಿಕೊಳ್ಳುವುದನ್ನು ಕಂಡು ಫೋರ್ಡ್ ಕಂಪನಿ 1925ರಲ್ಲಿ ತಾನೇ ಪಿಕಪ್ ಬಾಡಿಯಿರುವ ಮಾಡೆಲ್ ಟಿ ಗಾಡಿಯನ್ನು 281 ಡಾಲರಿಗೆ ಮಾರಲು ಹೊರತಂದಿತು. ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಆಸ್ಟ್ರೇಲಿಯದ ಸಂಗತಿ. 1932ರ ಸುಮಾರಿಗೆ ಅಲ್ಲಿನ ಒಬ್ಬ ರೈತನ ಹೆಂಡತಿ ಫೋರ್ಡಿನವರಿಗೆ ಕಾಗದ ಬರೆದಳಂತೆ: ರವಿವಾರ ಚರ್ಚಿಗೆ ಹೋಗಲು ಮರ್ಯಾದೆಯಾಗಿರಬೇಕು, ಸೋಮವಾರ ಹಂದಿಗಳನ್ನು ಪೇಟೆಗೆ ಒಯ್ಯಲೂ ಬರಬೇಕು, ಅಂಥ ಒಂದು ಗಾಡಿ ಮಾಡಿಕೊಡಿ ಎಂದು. ಜೀಲಾಂಗ್ ಊರಿನ ಕಾರ್ಖಾನೆಯಲ್ಲಿದ್ದ ಲೂ ಬ್ಯಾಂಟ್ ಎಂಬ ಎಳೆಯ ವಿನ್ಯಾಸಕಾರ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಮುಂದೆ ಕಾರು, ಹಿಂದೆ ಬಾಡಿ ಒಂದಾಗಿ ಬೆಸೆದ ಗಾಡಿ ಬರೆದ. 1934ರಲ್ಲಿ ಅದು ರಸ್ತೆಗೆ ಬಂತು. ಆ ಹೆಂಗಸು ಕೇಳಿದ್ದು ಅಜ್ಜನ ಚಕ್ಕಡಿಯನ್ನೇ. ನಮ್ಮಲ್ಲಿ ಟಾಟಾದವರು 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ ಮಾಡಿ, ಅದೇ ಚಾಸಿಯ ಮೇಲೆ 1991ರಲ್ಲಿ ಸಿಯೆರಾ ಎಂಬ ಕಾರು ಕಟ್ಟಿದರು. ಹೇರಿನ ಗಾಡಿಯ ಹೊಟ್ಟೆಯಲ್ಲಿ ಸವಾರಿ ಗಾಡಿ ಹುಟ್ಟಿತು. 2005ರಲ್ಲಿ ಎರಡು ಸಿಲಿಂಡರಿನ ಪುಟ್ಟ ಇಂಜಿನ್ನಿನ ಟಾಟಾ ಏಸ್ ಎರಡೂಕಾಲು ಲಕ್ಷಕ್ಕೆ ಬಂದಾಗ ಅದು 4.3 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿತ್ತು. ಖಡೇಬಜಾರಿನ ಸಂದಿಗಳಿಗೆ ಅಳತೆ ತೆಗೆದು ಹೊಲಿದಂತೆ. ಜನ ಅದಕ್ಕೆ ‘ಛೋಟಾ ಹಾತಿ’ ಎಂದು ಹೆಸರಿಟ್ಟರು. ತಮ್ಮ ಶುರು ಮಾಡಿದ್ದೂ ಹಳೆಯದೊಂದು ಛೋಟಾ ಹಾತಿಯಿಂದ.

ಕಾನೂನು ಮಾತ್ರ ಎರಡನ್ನೂ ಬಣ್ಣದಿಂದ ಬೇರೆ ಮಾಡಿದೆ. ಸ್ವಂತಕ್ಕೆ ಬಿಳಿ ಪ್ಲೇಟು, ಬಾಡಿಗೆಗೆ ಹಳದಿ. ಹಳದಿಯವನು ಹೊಸ ಗಾಡಿಗೇ ಎರಡು ವರ್ಷಕ್ಕೊಮ್ಮೆ ಪಾಸಿಂಗ್ ಮಾಡಿಸಬೇಕು, ಎಂಟು ವರ್ಷವಾದ ಮೇಲೆ ಪ್ರತಿವರ್ಷ. ಒಟ್ಟು ತೂಕ 3,000 ಕಿಲೊ ಮೀರಿದರೆ ಪರ್ಮಿಟ್ಟು ಬೇರೆ. ಲೈಸೆನ್ಸಿನ ತಕರಾರು ಬಹಳ ವರ್ಷ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಟ್ಟು 7,500 ಕಿಲೊ ಮೀರದ ಸಾರಿಗೆ ಗಾಡಿಯನ್ನು ಹಗುರ ವಾಹನದ ಲೈಸೆನ್ಸಿನವರೇ ಓಡಿಸಬಹುದು ಎಂದು ಹೇಳಿದ ಮೇಲೆ ಹಳ್ಳಿಯ ಎಷ್ಟೋ ಹುಡುಗರ ತಲೆಬಿಸಿ ಇಳಿಯಿತು. ಬಡವನ ಮನೆಯಲ್ಲಿ ಒಂದೇ ಗಾಡಿ ಎರಡೂ ಕೆಲಸ ಮಾಡುತ್ತದೆ ಎಂಬುದನ್ನು ಆ ತೀರ್ಪು ಅರಿತಂತೆ ನನಗನ್ನಿಸಿತು.

ಇತ್ತೀಚೆಗೆ ಬಿಳಿ ಪ್ಲೇಟಿನ ದೊಡ್ಡ ಪಿಕಪ್ಪುಗಳೂ ಕಾಣತೊಡಗಿವೆ. ಇಸುಜು ವಿ-ಕ್ರಾಸ್ 2016ರಲ್ಲಿ ಬಂತು, ಟೊಯೊಟಾ ಹೈಲಕ್ಸ್ 2022ರಲ್ಲಿ, ಸುಮಾರು 34 ಲಕ್ಷಕ್ಕೆ. ನಾಲ್ಕು ಬಾಗಿಲು, ಐದು ಜನಕ್ಕೆ ಜಾಗ, ಐದೂಕಾಲು ಮೀಟರಿಗಿಂತ ಹೆಚ್ಚು ಉದ್ದ. ಜಾಂಬೋಟಿಯ ಕಡೆ ತೋಟವಿರುವ ನನ್ನ ಪರಿಚಯದವರೊಬ್ಬರು ಅಂಥದನ್ನು ಇಟ್ಟಿದ್ದಾರೆ. ಮಳೆಗಾಲದ ಆ ಕೆಸರಿನಲ್ಲಿ ಸಸಿ, ಗೊಬ್ಬರ, ಮಕ್ಕಳು, ನಾಯಿ ಎಲ್ಲರನ್ನೂ ಒಟ್ಟಿಗೆ ಒಯ್ಯುತ್ತಾರೆ. ಅದು ಸರಿಯಾದ ಬಳಕೆ. ಆದರೆ ಬಾಡಿಯ ಮೇಲೆ ಒಂದು ಗೀರೂ ಬೀಳದ ಹಾಗೆ ಬೀಗ ಹಾಕಿ ಮುಚ್ಚಿ, ಕಾಂಗ್ರೆಸ್ ರಸ್ತೆಯಲ್ಲಿ ಒಬ್ಬರೇ ಓಡಿಸುವುದನ್ನು ಕಂಡಾಗ ನನಗೆ ನೊಗ ಕಾಣದ ಎತ್ತನ್ನು ಕಂಡಷ್ಟು ಸಂಕಟವಾಗುತ್ತದೆ. ಅದರ ಹಿಂದಿರುವುದೂ ಅದೇ ಪಾಟಾ, ಅದಕ್ಕೂ ಬೇಕಾದದ್ದು ಅದೇ ಹೇರು.

ತಮ್ಮನ ಹೆಂಡತಿಗೂ ನಾಲ್ಕು ಬಾಗಿಲಿನ ಗಾಡಿಯ ಆಸೆಯಿತ್ತು. ಬೊಲೆರೊದಲ್ಲಿಯೇ ಕ್ಯಾಂಪರ್ ಎಂದು ಬರುತ್ತದೆ, ಹಿಂದೆ ಇನ್ನೊಂದು ಸಾಲು ಸೀಟು. ಅದಕ್ಕೆ ಬಾಡಿ ಗಿಡ್ಡವಾಗುತ್ತದೆ. ಕೊಳ್ಳುವ ಮುಂಚೆ ಗಂಡ ಹೆಂಡತಿ ಒಂದು ವಾರ ಲೆಕ್ಕ ಹಾಕಿದರು. ಒಂದು ಖೇಪಿಗೆ ಇಷ್ಟು ಹಂಚು ಕಡಿಮೆ, ವರ್ಷಕ್ಕೆ ಇಷ್ಟು ಖೇಪು, ಸಾಲದ ಕಂತು ಇಷ್ಟು. ಲೆಕ್ಕ ಗೆದ್ದಿತು. ಕೊನೆಗೆ ಆಕೆ ನನ್ನ ಮುಂದೆ, “ಹಂಚಿಗೆ ಒಂಬತ್ತು ಫೂಟ ಜಾಗಾ, ನಮಗ ಮೂರು ಫೂಟ” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ. ನಾನು ಪೇಟೆಯಲ್ಲಿ ಕಾರಿಟ್ಟುಕೊಂಡದ್ದು ಆ ಹಂಚಿನ ದುಡ್ಡು ನನ್ನ ಓದಿಗೆ ಹೋದ ಫಲವೇ.

ಹಿಂದಿನ ಬಾಡಿಯಲ್ಲಿ ಜನ ಕೂಡುವ ವಿಷಯಕ್ಕೆ ಬರದೆ ಈ ಮಾತು ಮುಗಿಯುವುದಿಲ್ಲ. ನಾಟಿಯ ಕಾಲದಲ್ಲಿ ಬೆಳಗ್ಗೆ ನಮ್ಮ ತಾಲ್ಲೂಕಿನ ಯಾವ ರಸ್ತೆಗೆ ಹೋದರೂ ಸರಕಿನ ಗಾಡಿಯ ಬಾಡಿಯಲ್ಲಿ ಹದಿನೈದು ಇಪ್ಪತ್ತು ಹೆಣ್ಣಾಳುಗಳು ಗೊಪ್ಪೆ ಹೊದ್ದು, ಬುತ್ತಿ ಹಿಡಿದು, ಒಬ್ಬರನ್ನೊಬ್ಬರು ಆತುಕೊಂಡು ನಿಂತಿರುತ್ತಾರೆ. ಮದುವೆಗೂ ಹಾಗೆಯೇ, ಜಾತ್ರೆಗೂ ಹಾಗೆಯೇ. 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಚುಂಚನೂರ ಹತ್ತಿರ, ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಕೂತಿದ್ದ ಇಂಥದೇ ಗಾಡಿ ಮರಕ್ಕೆ ಬಡಿದು ಆರು ಜನ ಹೋದರು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಾಟಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿದ ಲಾರಿ ಉರುಳಿತು. ಹೇರಿನ ಜೊತೆಗೇ ಕೂತಿದ್ದ ಹತ್ತು ವ್ಯಾಪಾರಿಗಳು ತಮ್ಮದೇ ಸರಕಿನಡಿ ಸತ್ತರು. ಆ ಸುದ್ದಿ ಬಂದ ದಿನ ತಮ್ಮ ಫೋನು ಮಾಡಿದ. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯಬಾರದೆಂಬ ಕಾನೂನು ಎಂದಿನಿಂದಲೂ ಇದೆ. ಅದು ಆ ಹೆಣ್ಣುಮಕ್ಕಳಿಗೆ ಗೊತ್ತಿಲ್ಲವೆಂದಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಚೀಟಿಯೂ ಉಚಿತ. ಆದರೆ ಬಸ್ಸು ಹೋಗುವುದು ಊರಿಂದ ಊರಿಗೆ, ಗದ್ದೆಯಿಂದ ಗದ್ದೆಗಲ್ಲ; ಅದು ಬರುವ ಹೊತ್ತಿಗೂ ನಾಟಿಗೆ ಇಳಿಯುವ ಹೊತ್ತಿಗೂ ಹೊಂದಿಕೆಯಿಲ್ಲ. ಕೂಲಿ ಬೇಕು, ಗದ್ದೆ ದೂರ, ಗಾಡಿ ಎದುರಿಗೆ ನಿಂತಿದೆ. ಇಷ್ಟಕ್ಕೆ ಅವರನ್ನು ಬೈಯುವ ಬಾಯಿ ನನಗಿಲ್ಲ. ಬೆಳಗಿನ ಆರಕ್ಕೆ ಮೂರು ತಿಂಗಳ ಮಟ್ಟಿಗಾದರೂ ಹಳ್ಳಿಗಳ ನಡುವೆ ಓಡುವ ಒಂದು ಸಣ್ಣ ಬಸ್ಸನ್ನು ಬಿಡುವುದು ಅಸಾಧ್ಯವೆಂದು ನನಗನ್ನಿಸುವುದಿಲ್ಲ. ಆಳುವವರು ಈ ರಸ್ತೆಗೆ ಬಂದು ಒಂದು ಬೆಳಗು ನಿಂತು ನೋಡಲಿ ಎಂದು ನಾನು ನಿಜವಾಗಿಯೂ ಬಯಸುತ್ತೇನೆ. ನಮ್ಮ ಮನೆಯ ಮದುವೆಗೂ ನಾವು ಇಪ್ಪತ್ತೆರಡು ಜನ ಒಂದು ಟೆಂಪೋದ ಹಿಂದೆ ನಿಂತು ಹೋದವರೇ. ಹಾಡುತ್ತ ಹೋದೆವು, ಹಾಡುತ್ತ ಬಂದೆವು, ಅದು ನಮ್ಮ ಪುಣ್ಯ. ತಮ್ಮ ಈಗ ಹಿಂದೆ ಯಾರನ್ನೂ ಹತ್ತಿಸುವುದಿಲ್ಲ. ಬೀಗರು ಮುನಿಸಿಕೊಂಡಿದ್ದಾರೆ, ಬಾಡಿಗೆ ಕೈತಪ್ಪಿದೆ. ಕೇಳಿದವರಿಗೆ ಅವನು ಹೇಳುವುದು ಒಂದೇ ಮಾತು: “ಹೇರಿಗೆ ಹಗ್ಗಾ ಬಿಗೀತೀನಿ. ಮನಷ್ಯಾರಿಗೆ ಏನ್ ಬಿಗೀಲಿ?”

ಕಳೆದ ವರ್ಷ ಅವ್ವನ ಕಣ್ಣಿನ ಪೊರೆ ತೆಗೆಸಿದೆವು, ಇಲ್ಲಿಯೇ ಬೆಳಗಾವಿಯಲ್ಲಿ. ನಾಲ್ಕು ದಿನ ನಮ್ಮ ಮನೆಯಲ್ಲಿದ್ದಳು, ಐದನೆಯ ದಿನ ಊರಿಗೆ ಹೋಗುತ್ತೇನೆಂದು ಹಟ ಹಿಡಿದಳು. ಡಾಕ್ಟರು, ಹೋಗಲಿ, ಆದರೆ ಧಕ್ಕೆ ಆಗದ ಹಾಗೆ ಕರೆದೊಯ್ಯಿರಿ ಎಂದರು. ನನ್ನ ಕಾರಿನಲ್ಲಿ ಬಿಡುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ. ಕಾರಿನಲ್ಲಿ ಕೂತರೆ ಬದುವಿನ ಹುಲ್ಲಷ್ಟೇ ಕಾಣುತ್ತದಂತೆ, ಸಣ್ಣ ಮಗನ ಗಾಡಿಯಲ್ಲಿ ಮೇಲೆ ಕೂತರೆ ದಾರಿಯುದ್ದಕ್ಕೂ ಎಲ್ಲರ ಗದ್ದೆ ಕಾಣುತ್ತದಂತೆ. ಹೊಸ ಕಣ್ಣಿನಿಂದ ಮೊದಲು ಅದನ್ನೇ ನೋಡಬೇಕಂತೆ.

ತಮ್ಮ ಬೆಳಗ್ಗೆ ಏಳಕ್ಕೆ ಬಂದ. ಬಾಡಿಯಲ್ಲಿ ಭತ್ತದ ಚೀಲಗಳಿದ್ದವು. ಹದಿನಾಲ್ಕು ಚೀಲ, ಹಿಂದಿನ ಆಕ್ಸಲಿನ ಮೇಲೆ ಸರಿಯಾಗಿ ಎರಡು ಸಾಲಾಗಿ ಜೋಡಿಸಿ, ಅಡ್ಡ ಉದ್ದ ಹಗ್ಗ ಬಿಗಿದು, ತಾಡಪತ್ರಿ ಹೊದಿಸಿದ್ದ. ರವಿವಾರ ಪೇಟೆಗೆ ಮಾರಲು ತಂದಿರಬೇಕು ಎಂದುಕೊಂಡೆ. “ಮೊದಲ ಇವನ್ನ ಇಳಿಸಿ ಬಾ, ಅವ್ವ ಅಷ್ಟರಾಗ ನಾಷ್ಟಾ ಮಾಡ್ತಾಳ” ಎಂದೆ.

“ಇಳಸೂದಿಲ್ಲಣ್ಣಾ.”

“ಮತ್ತ ಯಾರಿಗೆ ಕೊಡೂದು?”

“ಯಾರಿಗೂ ಇಲ್ಲ. ಅವ್ವನ ಸಲುವಾಗಿ ಹಾಕ್ಕೊಂಡ ಬಂದೇನಿ. ಖಾಲಿ ಗಾಡಿ ಕುಣೀತೈತಿ.”

ಅವ್ವನನ್ನು ಇಬ್ಬರೂ ಸೇರಿ ಎತ್ತಿ ಮೇಲೆ ಕೂಡಿಸಿದೆವು. ಕಪ್ಪು ಕನ್ನಡಕ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದು ಕೂತಳು. ಎದುರು ಮನೆಯ ಹಿರಿಯರು ಗೇಟಿನ ಹತ್ತಿರ ಬಂದು ನಿಂತರು, ಈ ಸಲ ಏನೂ ಕೇಳಲಿಲ್ಲ. ಗಾಡಿ ಗಲ್ಲಿಯ ತುದಿಗೆ ಹೋಯಿತು. ಅಲ್ಲೊಂದು ಉಬ್ಬು ಇದೆ, ಆ ಹನ್ನೊಂದು ದಿನ ದಿನಕ್ಕೆ ನಾಲ್ಕು ಸಲ ನನ್ನನ್ನು ಎತ್ತಿ ಕುಕ್ಕಿದ್ದು. ನಾನು ಉಸಿರು ಹಿಡಿದು ನೋಡಿದೆ. ಮುಂದಿನ ಗಾಲಿ ಹತ್ತಿ ಇಳಿಯಿತು, ಹಿಂದಿನ ಗಾಲಿ ಹತ್ತಿತು, ಪಾಟಾ ಮೆಲ್ಲಗೆ ಬಾಗಿ ಎದ್ದಿತು, ತಾಡಪತ್ರಿಯ ಅಂಚೂ ಅಲುಗಲಿಲ್ಲ. ಗಾಡಿ ಖಾನಾಪುರ ರಸ್ತೆಗೆ ತಿರುಗಿತು. ಆ ತಿಂಗಳು ಅವ್ವ ತಪಾಸಣೆಗೆ ಇನ್ನೂ ಮೂರು ಸಲ ಬಂದುಹೋದಳು; ಅವಳ ಜೊತೆ ಆ ಹದಿನಾಲ್ಕು ಚೀಲಗಳೂ ಬಂದುಹೋದವು.